ನಷ್ಟದ ಪಾಲು: ಸುಟ್ಟ ನಗರ, ಕಟ್ಟುವ ಕುಟುಂಬ ಮತ್ತು ಐತಿಹಾಸಿಕ ಕಾದಂಬರಿ



ಒಂದು ನಗರವೇ ಸುಟ್ಟುಹೋದ ಮೇಲೆ ಅದರೊಳಗಿನ ಒಂದು ಕುಟುಂಬ ಬದುಕನ್ನು ಮತ್ತೆ ಹೇಗೆ ಕಟ್ಟಿಕೊಳ್ಳುತ್ತದೆ? ಆ ಬದುಕನ್ನು ಐತಿಹಾಸಿಕ ಕಾದಂಬರಿ ಹೇಗೆ ಹೇಳಬೇಕು? ಇಂದಿನ ಉಪನ್ಯಾಸದ ವಿಷಯ ಇದು. ಇಂಥ ವಿಷಯವನ್ನು ಒಂದು ಊರು, ಒಂದು ಕಾಲವನ್ನು ಹಿಡಿದು ಚರ್ಚಿಸಿದರೆ ಮಾತ್ರ ಮಾತಿಗೆ ನೆಲ ಸಿಗುತ್ತದೆ. ಅದಕ್ಕಾಗಿ 1666ರ ಲಂಡನ್ ನಗರವನ್ನು ಆಯ್ದುಕೊಂಡಿದ್ದೇನೆ. ಆ ನಗರದ ಬೆಂಕಿಯನ್ನು ಬಲ್ಲವರು ಬಹಳ. ಬೆಂಕಿ ಆರಿದ ಮೇಲಿನ ಹತ್ತು ವರ್ಷಗಳನ್ನು ಬಲ್ಲವರು ಕಡಿಮೆ. ಆದರೆ ಆ ಹತ್ತು ವರ್ಷಗಳ ಕಾಯಿದೆಗಳು, ತೀರ್ಪುಗಳು, ಅಳತೆಯ ಪುಸ್ತಕಗಳು, ದಿನಚರಿಗಳು ಇವತ್ತಿಗೂ ಉಳಿದಿವೆ. ಕಾದಂಬರಿಕಾರನಿಗೆ ಬೇಕಾದ ಸಾಮಗ್ರಿ ಇರುವುದು ಅಲ್ಲಿ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಕಿ ಆರಿದ ಮರುದಿನ ಎದ್ದು ನಿಲ್ಲುವ ಮೊದಲ ಪ್ರಶ್ನೆ, ಈ ನಷ್ಟ ಯಾರ ಪಾಲಿಗೆ ಎಂಬುದು. ಮನೆಯ ಒಡೆಯನಿಗೋ, ಬಾಡಿಗೆಗೆ ಇದ್ದವನಿಗೋ, ಸಾಲ ಕೊಟ್ಟವನಿಗೋ, ಊರಿಗೋ, ಅರಸನಿಗೋ? ಮನೆಯೊಳಗೆ ಬಂದರೆ ಅದೇ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಮಗಳ ಮದುವೆಗೆಂದು ಇಟ್ಟ ಹಣಕ್ಕೋ, ಅತ್ತೆಯ ಒಡವೆಗೋ, ಕೆಲಸ ಕಲಿಯಲು ಬಂದ ಹುಡುಗನಿಗೋ, ಮನೆಗೆಲಸದವಳಿಗೋ? ಪುನರ್ನಿರ್ಮಾಣ ಎಂದು ನಾವು ಕರೆಯುವುದು ಈ ನಷ್ಟವನ್ನು ಹಂಚಿಕೊಳ್ಳುವ ಕ್ರಿಯೆಯನ್ನು. ಹಂಚಿಕೆ ನ್ಯಾಯವಾಗಿ ನಡೆದರೆ ಕುಟುಂಬ ಉಳಿಯುತ್ತದೆ, ಅನ್ಯಾಯವಾಗಿ ನಡೆದರೆ ಹೊಸ ಗೋಡೆಗಳ ನಡುವೆಯೇ ಒಡೆಯುತ್ತದೆ. ಇದನ್ನು ತೋರಿಸಬಲ್ಲ ಸಾಹಿತ್ಯ ಪ್ರಕಾರಗಳಲ್ಲಿ ಐತಿಹಾಸಿಕ ಕಾದಂಬರಿಗೆ ವಿಶೇಷ ಶಕ್ತಿ ಇದೆ, ಆದ್ದರಿಂದ ವಿಶೇಷ ಹೊಣೆಯೂ ಇದೆ.

1. ನಾಲ್ಕು ದಿನಗಳು

1666ರ ಸೆಪ್ಟೆಂಬರ್ 2, ಭಾನುವಾರ. ಬೆಳಗಿನ ಜಾವಕ್ಕೆ ಮುಂಚೆ ಲಂಡನ್ ಸೇತುವೆಯ ಹತ್ತಿರದ ಪುಡಿಂಗ್ ಲೇನ್‌ನಲ್ಲಿ ಥಾಮಸ್ ಫ್ಯಾರಿನರ್ ಎಂಬ ರೊಟ್ಟಿ ಸುಡುವವನ ಮನೆಗೆ ಬೆಂಕಿ ಹತ್ತಿತು. ನೌಕಾಪಡೆಗೆ ಗಟ್ಟಿ ಬಿಸ್ಕತ್ತು ಮಾಡಿಕೊಡುತ್ತಿದ್ದ ಮನೆ ಅದು. ಆ ವರ್ಷದ ಬೇಸಿಗೆ ಒಣಗಿತ್ತು, ಮೂಡಣ ಗಾಳಿ ಬಲವಾಗಿತ್ತು. ಮನೆಗಳು ಮರದವು. ಮೇಲಿನ ಅಂತಸ್ತುಗಳು ಬೀದಿಯ ಕಡೆಗೆ ಚಾಚಿಕೊಂಡು ಎದುರುಮನೆಯನ್ನು ಮುಟ್ಟುವಷ್ಟು ಹತ್ತಿರವಿದ್ದವು. ನದಿಯ ದಡದ ಗೋದಾಮುಗಳಲ್ಲಿ ಎಣ್ಣೆ, ಟಾರು, ಸೆಣಬು, ಕಲ್ಲಿದ್ದಲು ತುಂಬಿದ್ದವು. ಗುರುವಾರ ಎಲ್ಲವೂ ಆರುವ ಹೊತ್ತಿಗೆ ಸುಮಾರು 13,200 ಮನೆಗಳು, 87 ಚರ್ಚುಗಳು, ಸಂತ ಪಾಲನ ಹಳೆಯ ಮಹಾ ದೇವಾಲಯ, ವರ್ತಕರು ಸೇರುತ್ತಿದ್ದ ರಾಯಲ್ ಎಕ್ಸ್‌ಚೇಂಜ್ ಎಲ್ಲವೂ ಹೋಗಿದ್ದವು. ಸುಟ್ಟ ಪ್ರದೇಶದ ವಿಸ್ತಾರ 436 ಎಕರೆ. ದಾಖಲಾದ ಸಾವುಗಳು ಬೆರಳೆಣಿಕೆಯಷ್ಟು. ನೆಲೆ ತಪ್ಪಿದವರು ಹತ್ತಾರು ಸಾವಿರ.

ನಷ್ಟ ಯಾರ ಪಾಲಿಗೆ ಎಂಬ ಪ್ರಶ್ನೆ ಬೆಂಕಿ ಆರುವವರೆಗೂ ಕಾಯಲಿಲ್ಲ. ಬೆಂಕಿಯ ದಾರಿಯಲ್ಲಿದ್ದ ಮನೆಗಳನ್ನು ಮೊದಲೇ ಕೆಡವಿ ಬಯಲು ಮಾಡಿದ್ದರೆ ಅದನ್ನು ತಡೆಯಬಹುದಿತ್ತು. ಆಗಿನ ಕಾಲದ ಅಗ್ನಿಶಮನವೆಂದರೆ ಮುಖ್ಯವಾಗಿ ಅದೇ. ಮೇಯರ್ ಥಾಮಸ್ ಬ್ಲಡ್‌ವರ್ತ್ ಮೊದಲ ಗಂಟೆಗಳಲ್ಲಿ ಹಿಂದೆಮುಂದೆ ನೋಡಿದ. ಒಡೆಯರ ಒಪ್ಪಿಗೆಯಿಲ್ಲದೆ ಕೆಡವಿದ ಮನೆಯನ್ನು ಮತ್ತೆ ಕಟ್ಟಿಸಿಕೊಡುವ ಖರ್ಚು ಯಾರದು ಎಂಬ ಆತಂಕ ಅವನನ್ನು ತಡೆಯಿತೆಂದು ಸಮಕಾಲೀನರು ಬರೆದರು. ಅವನನ್ನು ಹೇಡಿಯೆಂದು ಚಿತ್ರಿಸುವುದು ಸುಲಭ, ಬಹಳ ಮಂದಿ ಹಾಗೆಯೇ ಚಿತ್ರಿಸಿದ್ದಾರೆ. ಆದರೆ ಹೊಣೆ ಯಾರದೆಂದು ಮೊದಲೇ ತೀರ್ಮಾನಿಸಿಕೊಳ್ಳದ ಸಮಾಜ ಆಪತ್ತಿನ ಗಳಿಗೆಯಲ್ಲಿ ಕೈಕಟ್ಟಿ ನಿಲ್ಲುತ್ತದೆ ಎಂಬುದನ್ನು ಅವನ ಹಿಂಜರಿಕೆ ಹೇಳುತ್ತದೆ. ಒಬ್ಬ ಮನುಷ್ಯನ ಅಳ್ಳೆದೆಗಿಂತ ಈ ಸಂಗತಿ ದೊಡ್ಡದು.

ಆ ದಿನಗಳ ಬೀದಿಗಳಲ್ಲಿ ಇನ್ನೊಂದು ಬಗೆಯ ಲೆಕ್ಕ ನಡೆಯಿತು. ಸಾಮಾನು ಸಾಗಿಸಲು ಗಾಡಿಗಳಿಗಾಗಿ ಜನ ಮುಗಿಬಿದ್ದಾಗ, ಕೆಲವು ಶಿಲಿಂಗ್‌ಗಳಿದ್ದ ಬಾಡಿಗೆ ಹತ್ತಾರು ಪೌಂಡ್‌ಗಳಿಗೆ ಏರಿತು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಗಾಡಿ ಸಿಕ್ಕವರ ಹಾಸಿಗೆ, ಪೆಟ್ಟಿಗೆ, ವ್ಯಾಪಾರದ ಸರಕು ಉಳಿದವು. ಸಿಗದವರು ಉಟ್ಟ ಬಟ್ಟೆಯಲ್ಲಿ ಮೂರ್‌ಫೀಲ್ಡ್ಸ್ ಬಯಲಿಗೆ, ಇಸ್ಲಿಂಗ್ಟನ್‌ಗೆ, ಹೈಗೇಟ್ ಗುಡ್ಡದ ಕಡೆಗೆ ನಡೆದರು. ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಬಯಲುಗಳಲ್ಲಿ ಮಲಗಿದ್ದ ಈ ಜನರನ್ನು ಕಂಡದ್ದನ್ನು ಬರೆದಿದ್ದಾನೆ. ಹಸಿದಿದ್ದರೂ ಅವರು ಒಂದು ಕಾಸನ್ನೂ ಕೇಳಲಿಲ್ಲವೆಂಬುದು ಅವನಿಗೆ ವಿಸ್ಮಯ ತಂದಿತ್ತು. ನೆನ್ನೆಯವರೆಗೂ ಮನೆಯವರಾಗಿದ್ದವರು ಇವತ್ತು ಬೇಡುವವರಾಗಲು ಒಪ್ಪಲಿಲ್ಲ. ಕುಟುಂಬವೊಂದರ ಮರುಕಟ್ಟಡ ಶುರುವಾಗುವುದು ಮಾನವನ್ನು ಕಾಪಾಡಿಕೊಳ್ಳುವ ಈ ಹಠದಲ್ಲಿ.

2. ಬೂದಿಯ ಮೇಲೂ ಉಳಿದ ಕರಾರು

ಲಂಡನ್ ನಗರದ ಹೆಚ್ಚಿನ ಸಂಸಾರಗಳು ಸ್ವಂತ ಮನೆಯಲ್ಲಿ ಇರಲಿಲ್ಲ. ನೆಲದ ಮೂಲ ಒಡೆತನ ವೃತ್ತಿಸಂಘಗಳದು, ಚರ್ಚುಗಳದು, ಆಸ್ಪತ್ರೆಗಳದು, ದೊಡ್ಡ ಮನೆತನಗಳದು. ಅವರಿಂದ ದೀರ್ಘ ಗುತ್ತಿಗೆ ಪಡೆದವನೊಬ್ಬ, ಅವನಿಂದ ಒಳಗುತ್ತಿಗೆ ಪಡೆದವನು ಇನ್ನೊಬ್ಬ, ಅವನ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದವನು ಮತ್ತೊಬ್ಬ. ಹೀಗೆ ಒಂದೇ ಮನೆಯ ಮೇಲೆ ಹಲವರ ಹಕ್ಕು ಪದರ ಪದರವಾಗಿ ಕುಳಿತಿತ್ತು. ಮನೆಯ ದುರಸ್ತಿಯ ಹೊಣೆ ಗುತ್ತಿಗೆ ಪಡೆದವನದು ಎಂಬ ಕರಾರು ಸಾಮಾನ್ಯವಾಗಿತ್ತು. ಅಂದಿನ ಕಾನೂನಿನ ಪ್ರಕಾರ ಮನೆ ಸುಟ್ಟರೂ ಆ ಕರಾರು ಸುಡುವುದಿಲ್ಲ. ಮನೆ ಕಳೆದುಕೊಂಡವನು ಇಲ್ಲದ ಮನೆಗೆ ಬಾಡಿಗೆ ಕಟ್ಟುತ್ತಲೇ ಇರಬೇಕು. ತನ್ನ ಖರ್ಚಿನಲ್ಲಿ ಮನೆಯನ್ನು ಮತ್ತೆ ಕಟ್ಟಬೇಕು. ಗುತ್ತಿಗೆಯ ಅವಧಿ ಮುಗಿದೊಡನೆ ಹೊಸ ಮನೆಯನ್ನು ಒಡೆಯನಿಗೆ ಒಪ್ಪಿಸಿ ಹೊರಡಬೇಕು.

ಅಗ್ಗಿಷ್ಟಿಕೆಗೆ ಒಂದು ಕಿಡಿಯನ್ನೂ ಹೆಚ್ಚಾಗಿ ಹಾಕದ ಒಬ್ಬ ಅಂಗಡಿಯವನು, ಊರಿನ ಇನ್ನೊಂದು ತುದಿಯಲ್ಲಿ ಹೊತ್ತಿದ ಬೆಂಕಿಗಾಗಿ ಜೀವಮಾನವಿಡೀ ಸಾಲಗಾರನಾಗುವ ಸ್ಥಿತಿ ಇದು. ಈ ಕಾನೂನನ್ನು ಅಕ್ಷರಶಃ ಜಾರಿಗೊಳಿಸಿದ್ದರೆ ಲಂಡನ್ ಮತ್ತೆ ಏಳುತ್ತಿರಲಿಲ್ಲ. ಸಂಸತ್ತು ಅದನ್ನು ಅರಿತು 1667ರ ಆರಂಭದಲ್ಲಿ ಒಂದು ವಿಶೇಷ ನ್ಯಾಯಾಲಯವನ್ನು ಸ್ಥಾಪಿಸಿತು. ಇತಿಹಾಸಕಾರರು ಅದನ್ನು ಬೆಂಕಿ ನ್ಯಾಯಾಲಯವೆಂದೇ ಕರೆಯುತ್ತಾರೆ. ಫ್ಲೀಟ್ ಬೀದಿಯ ಪಕ್ಕ, ಬೆಂಕಿಯಿಂದ ಉಳಿದುಕೊಂಡಿದ್ದ ಕ್ಲಿಫರ್ಡ್ಸ್ ಇನ್ ಭವನದಲ್ಲಿ ಅದು ಕಲಾಪ ನಡೆಸಿತು. ರಾಜ್ಯದ ಹಿರಿಯ ನ್ಯಾಯಾಧೀಶರು ಸಂಬಳವಿಲ್ಲದೆ ಕುಳಿತರು. ಮ್ಯಾಥ್ಯೂ ಹೇಲ್ ಅವರಲ್ಲಿ ಪ್ರಮುಖ. ಮೂವರು ನ್ಯಾಯಾಧೀಶರು ಸೇರಿದರೆ ಸಾಕು. ವರ್ಷಗಟ್ಟಲೆ ಎಳೆಯುವ ವಿಧಿವಿಧಾನಗಳನ್ನು ಬದಿಗಿಟ್ಟು ವಾದಿ ಪ್ರತಿವಾದಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು.

ಆ ನ್ಯಾಯಾಲಯದ ಮುಂದೆ ಬಂದ ವ್ಯಾಜ್ಯಗಳು ಸಾವಿರಕ್ಕೂ ಹೆಚ್ಚು. ತೀರ್ಪುಗಳ ಹಿಂದಿನ ತತ್ತ್ವ ಸರಳ ಮತ್ತು ಮಾನವೀಯ. ಕಟ್ಟಲು ಮುಂದೆ ಬಂದವನಿಗೆ ನೆರವಾಗಬೇಕು, ನಷ್ಟ ಒಬ್ಬನ ಹೆಗಲ ಮೇಲೆ ಬೀಳಬಾರದು. ಗುತ್ತಿಗೆದಾರ ಕಟ್ಟುವುದಾದರೆ ಅವನ ಬಾಡಿಗೆಯನ್ನು ಇಳಿಸಿ, ಗುತ್ತಿಗೆಯ ಅವಧಿಯನ್ನು ಹತ್ತಾರು ವರ್ಷ ಹೆಚ್ಚಿಸಿದರು. ಅವನಿಗೆ ಕೈಲಾಗದಿದ್ದರೆ ಕರಾರಿನಿಂದ ಬಿಡಿಸಿ, ಒಡೆಯನೇ ಕಟ್ಟಲು ದಾರಿ ಮಾಡಿದರು. ಬಾಕಿ ಬಾಡಿಗೆಯನ್ನು ಎಷ್ಟೋ ಸಲ ಮನ್ನಾ ಮಾಡಿಸಿದರು. ನಗರದವರು ಕೃತಜ್ಞತೆಯಿಂದ ಈ ನ್ಯಾಯಾಧೀಶರ ಭಾವಚಿತ್ರಗಳನ್ನು ಜಾನ್ ಮೈಕೆಲ್ ರೈಟ್ ಎಂಬ ಕಲಾವಿದನಿಂದ ಬರೆಸಿ ಗಿಲ್ಡ್‌ಹಾಲ್‌ನಲ್ಲಿ ತೂಗುಹಾಕಿದರು.

ಬಂಧುಗಳೇ, ಈ ತೀರ್ಪುಗಳ ಸಂಪುಟಗಳನ್ನು ನಾನು ಕಾದಂಬರಿಯ ದೃಷ್ಟಿಯಿಂದ ದೊಡ್ಡ ಗಣಿ ಎಂದು ಭಾವಿಸುತ್ತೇನೆ. ಪ್ರತಿಯೊಂದು ಅರ್ಜಿಯಲ್ಲೂ ಒಂದು ಮನೆಯ ಕಥೆ ಇದೆ. ಯಾರು ಯಾವಾಗ ಎಷ್ಟು ಹಣ ಕೊಟ್ಟು ಮನೆ ಹಿಡಿದರು, ಬೆಂಕಿಗೆ ಮುಂಚೆ ಅಡಿಗೆಮನೆಗೆ ಎಷ್ಟು ಖರ್ಚು ಮಾಡಿದ್ದರು, ಗಂಡ ಸತ್ತ ಮೇಲೆ ಗುತ್ತಿಗೆ ಯಾರ ಹೆಸರಿಗೆ ಬಂತು, ಮಕ್ಕಳು ಎಷ್ಟು ಮಂದಿ ಎಂಬಂಥ ಸಂಗತಿಗಳು ವ್ಯಾಜ್ಯದ ಭಾಷೆಯಲ್ಲಿ ದಾಖಲಾಗಿವೆ. ನ್ಯಾಯಾಧೀಶರು ಕೇಳಿದ ಪ್ರಶ್ನೆಯನ್ನೇ ಕಾದಂಬರಿಕಾರನೂ ಕೇಳುತ್ತಾನೆ. ನ್ಯಾಯಾಲಯದ ಬಾಗಿಲ ಹೊರಗೆ ನಿಂತವರ ಪರವಾಗಿಯೂ ಅದನ್ನು ಕೇಳಬೇಕಾದದ್ದು ಮಾತ್ರ ಅವನ ಹೆಚ್ಚಿನ ಹೊಣೆ.

3. ಗೂಟ, ದಾರ ಮತ್ತು ಇಟ್ಟಿಗೆ

ಬೆಂಕಿ ಆರಿದ ಕೆಲವೇ ದಿನಗಳಲ್ಲಿ ಕ್ರಿಸ್ಟೋಫರ್ ರೆನ್ ಮತ್ತು ಈವ್ಲಿನ್ ಹೊಸ ನಗರದ ನಕ್ಷೆಗಳನ್ನು ಅರಸ ಎರಡನೇ ಚಾರ್ಲ್ಸ್‌ನ ಮುಂದಿಟ್ಟರು. ರಾಬರ್ಟ್ ಹುಕ್ ಕೂಡ ಒಂದು ನಕ್ಷೆ ಸಿದ್ಧಪಡಿಸಿದ. ನೇರ ಬೀದಿಗಳು, ವಿಶಾಲ ಚೌಕಗಳು, ದೂರದಿಂದ ಕಾಣುವ ಗೋಪುರಗಳು ಈ ನಕ್ಷೆಗಳಲ್ಲಿದ್ದವು. ಇವು ಕಾಗದದಲ್ಲೇ ಉಳಿದವು. ಸಾವಿರಾರು ತುಂಡು ನೆಲಗಳ ಒಡೆತನವನ್ನು ಕೂಡಿಸಿ, ಪರಿಹಾರ ಕೊಟ್ಟು, ಮತ್ತೆ ಹಂಚುವ ಹಣವಾಗಲಿ ಸಮಯವಾಗಲಿ ನಗರಕ್ಕೆ ಇರಲಿಲ್ಲ. ಚಳಿಗಾಲ ಎದುರಿಗಿತ್ತು. ಡಚ್ಚರೊಡನೆ ಯುದ್ಧ ಬೇರೆ ನಡೆಯುತ್ತಿತ್ತು. ಭವ್ಯ ನಕ್ಷೆಗಳು ಕೈತಪ್ಪಿದ್ದಕ್ಕೆ ಕೊರಗಿದವರು ಆಮೇಲೆ ಬಹಳ ಮಂದಿ. ಆದರೆ ಒಂದು ಸಾಮಾನ್ಯ ಕುಟುಂಬದ ಕಡೆಯಿಂದ ನೋಡಿದರೆ, ಹಳೆಯ ಬೀದಿಯ ಹಳೆಯ ಜಾಗಕ್ಕೇ ಹಿಂತಿರುಗಲು ಸಾಧ್ಯವಾದದ್ದು ಅದರ ಪುಣ್ಯ. ಗಿರಾಕಿಗಳು ಹುಡುಕಿಕೊಂಡು ಬರುವುದು ಹಳೆಯ ಗುರುತಿನ ಜಾಗಕ್ಕೆ. ನೆರೆಹೊರೆ ಮತ್ತೆ ಕೂಡುವುದೂ ಅಲ್ಲೇ.

1667ರ ಪುನರ್ನಿರ್ಮಾಣ ಕಾಯಿದೆ ಮನೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಸಂದಿಗಳಲ್ಲಿ ಎರಡು ಅಂತಸ್ತು, ಗಣ್ಯ ಬೀದಿಗಳಲ್ಲಿ ಮೂರು, ಹೆಬ್ಬೀದಿಗಳಲ್ಲಿ ನಾಲ್ಕು, ಇವಲ್ಲದೆ ಸಿರಿವಂತರ ಮಹಲುಗಳು. ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಲೇಬೇಕು. ಗೋಡೆಯ ದಪ್ಪ ಎಷ್ಟೆಂಬುದನ್ನೂ ಕಾಯಿದೆಯೇ ಹೇಳಿತು. ಬೀದಿಯ ಮೇಲೆ ಚಾಚುವ ಅಂತಸ್ತುಗಳಿಗೆ ನಿಷೇಧ. ಮೂರು ವರ್ಷದೊಳಗೆ ಕಟ್ಟದೆ ಬಿಟ್ಟ ಜಾಗವನ್ನು ನಗರಾಡಳಿತ ಮಾರಾಟಕ್ಕೆ ಇಡಬಹುದಿತ್ತು. ಬೀದಿ ಅಗಲವಾಗುವಾಗ ನೆಲ ಕಳೆದುಕೊಂಡವರಿಗೆ ಪರಿಹಾರ ಕೊಡಲು, ಬಂದರಿಗೆ ಬರುವ ಕಲ್ಲಿದ್ದಲಿನ ಮೇಲೆ ಟನ್ನಿಗೆ ಒಂದು ಶಿಲಿಂಗ್ ತೆರಿಗೆ ಹಾಕಲಾಯಿತು. 1670ರಲ್ಲಿ ಅದನ್ನು ಏರಿಸಲಾಯಿತು. ನಷ್ಟದ ಒಂದು ಪಾಲು ಹೀಗೆ ಒಲೆ ಹೊತ್ತಿಸುವ ಪ್ರತಿಯೊಬ್ಬರಿಗೂ ಹಂಚಿಹೋಯಿತು. ಮನೆ ಸುಡದವರೂ ಅದಕ್ಕೆ ಸೇರಿದ್ದರು.

1667ರ ವಸಂತದಲ್ಲಿ ನಗರದ ಮೋಜಣಿದಾರರು ಗೂಟ ಹೊಡೆದು ದಾರ ಎಳೆದರು. ವಿಜ್ಞಾನಿಯೆಂದು ನಾವು ಬಲ್ಲ ರಾಬರ್ಟ್ ಹುಕ್, ಇಟ್ಟಿಗೆ ಕೆಲಸದ ಕಸುಬಿನಿಂದ ಬಂದ ಪೀಟರ್ ಮಿಲ್ಸ್, ಜಾನ್ ಆಲಿವರ್ ಇವರಲ್ಲಿ ಮುಖ್ಯರು. ಮನೆ ಕಟ್ಟುವವನು 6 ಶಿಲಿಂಗ್ 8 ಪೆನ್ಸ್ ಶುಲ್ಕ ಕಟ್ಟಿ ಬಂದರೆ, ಇವರಲ್ಲೊಬ್ಬರು ಬಂದು ಪಾಯದ ಗಡಿಯನ್ನು ಗುರುತಿಸಿ ಪ್ರಮಾಣಪತ್ರ ಕೊಡುತ್ತಿದ್ದರು. ಬೂದಿ, ಇಟ್ಟಿಗೆಚೂರುಗಳ ರಾಶಿಯ ನಡುವೆ ನೆರೆಮನೆಯವನ ಗೋಡೆ ಎಲ್ಲಿ ಮುಗಿಯುತ್ತಿತ್ತು, ನಮ್ಮ ಗೋಡೆ ಎಲ್ಲಿ ಶುರುವಾಗುತ್ತಿತ್ತು ಎಂದು ನೆನಪಿನಿಂದ ಹೇಳಬೇಕಾಗಿತ್ತು. ವರ್ಷಗಳ ಸ್ನೇಹ ಒಂದಡಿ ನೆಲದ ಮೇಲೆ ಪರೀಕ್ಷೆಗೆ ಒಳಗಾದ ಗಳಿಗೆ ಅದು.

ಕೆಲಸಗಾರರ ಪ್ರಶ್ನೆಯೂ ಇತ್ತು. ನಗರದಲ್ಲಿ ಕಸುಬು ಮಾಡಲು ವೃತ್ತಿಸಂಘದ ಸದಸ್ಯತ್ವ ಬೇಕಿತ್ತು. ಕಾಯಿದೆ ಆ ಕಟ್ಟನ್ನು ಸಡಿಲಿಸಿ ಹೊರಗಿನ ಬಡಗಿ, ಗಾರೆಯವರಿಗೂ ಏಳು ವರ್ಷ ಕೆಲಸ ಮಾಡಲು ಅವಕಾಶ ಕೊಟ್ಟಿತು. ಏಳು ವರ್ಷ ದುಡಿದವರಿಗೆ ಆ ಹಕ್ಕು ಜೀವನಪರ್ಯಂತ ಉಳಿಯಿತು. ಮರದ ತೊಲೆಗಳು ನಾರ್ವೆ, ಬಾಲ್ಟಿಕ್ ಕಡೆಯಿಂದ ಬಂದವು. ಇಟ್ಟಿಗೆ ಗೂಡುಗಳು ಊರ ಸುತ್ತ ಎದ್ದವು. ಲಂಡನ್ನನ್ನು ಮತ್ತೆ ಕಟ್ಟಿದವರಲ್ಲಿ ಲಂಡನ್ನಿನವರಲ್ಲದವರು ಎಷ್ಟೋ ಮಂದಿ. ಕುಟುಂಬದ ಕಥೆಯಲ್ಲಿ ಅವರಿಗೂ ಜಾಗವಿರಬೇಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಮ್ಮ ಗಾದೆ ಎರಡನ್ನೂ ಒಟ್ಟಿಗೆ ಇಟ್ಟಿರುವುದು ಸುಮ್ಮನೆ ಅಲ್ಲ. ಎರಡರಲ್ಲೂ ಹೊಸಬರು ಮನೆಗೆ ಬರುತ್ತಾರೆ, ಎರಡರಲ್ಲೂ ಮನೆಯವರ ಕೈ ಬರಿದಾಗುತ್ತದೆ, ಎರಡರಲ್ಲೂ ಸಂಬಂಧಗಳ ನಿಜವಾದ ತೂಕ ಗೊತ್ತಾಗುತ್ತದೆ.

4. ದಾಖಲೆಯಲ್ಲಿ ಇರುವವರು, ಇಲ್ಲದವರು

ಇಷ್ಟು ದಾಖಲೆಗಳಿದ್ದ ಮೇಲೆ ಕಾದಂಬರಿಯ ಅಗತ್ಯವೇನು ಎಂದು ಇತಿಹಾಸದ ವಿದ್ಯಾರ್ಥಿಯೊಬ್ಬ ಕೇಳಬಹುದು. ಉತ್ತರಕ್ಕೆ ಪುಡಿಂಗ್ ಲೇನ್‌ಗೇ ಹಿಂತಿರುಗಬೇಕು. ಫ್ಯಾರಿನರ್ ಮತ್ತು ಅವನ ಮಗಳು ಮೇಲಿನ ಕಿಟಕಿಯಿಂದ ಪಕ್ಕದ ಮನೆಗೆ ದಾಟಿ ಬದುಕಿಕೊಂಡರು. ಮನೆಗೆಲಸದ ಹುಡುಗಿ ಹಾಗೆ ದಾಟಲು ಹೆದರಿ ಒಳಗೇ ಉಳಿದು ಸತ್ತಳು. ಮಹಾ ಬೆಂಕಿಯ ಮೊದಲ ಬಲಿ ಅವಳು. ಅಂದಿನ ವರದಿಗಳು ರೊಟ್ಟಿಯವನ ಹೆಸರನ್ನು ಹೇಳುತ್ತವೆ, ಆ ಹುಡುಗಿಯ ಹೆಸರನ್ನು ಹೇಳುವುದಿಲ್ಲ. ಒಂದೇ ಸೂರಿನಡಿ ಒಂದೇ ಒಲೆಯ ಅನ್ನ ತಿಂದವರಲ್ಲಿ ಒಬ್ಬರು ಚರಿತ್ರೆಗೆ ಸಂದರು, ಒಬ್ಬರು ಸಲ್ಲಲಿಲ್ಲ.

ಆ ಕಾಲದ ಕುಟುಂಬವೆಂದರೆ ರಕ್ತಸಂಬಂಧಿಗಳಷ್ಟೇ ಆಗಿರಲಿಲ್ಲ. ಏಳು ವರ್ಷದ ಕರಾರಿನ ಮೇಲೆ ಕಸುಬು ಕಲಿಯಲು ಬಂದ ಹುಡುಗರು ಯಜಮಾನನ ಮನೆಯಲ್ಲೇ ಉಂಡು ಮಲಗುತ್ತಿದ್ದರು. ಆಳುಗಳು, ವಿಧವೆ ಅತ್ತೆ, ಮೇಲಿನ ಕೋಣೆಯ ಬಾಡಿಗೆದಾರರು ಎಲ್ಲರೂ ಸೇರಿ ಒಂದು ಮನೆ. ಬೆಂಕಿ ನ್ಯಾಯಾಲಯದ ಮುಂದೆ ಬಂದವರು ಗುತ್ತಿಗೆಯ ಹಕ್ಕು ಇದ್ದವರು. ಹಕ್ಕಿನ ಕಾಗದವೇ ಇಲ್ಲದವರಿಗೆ ವ್ಯಾಜ್ಯವಿಲ್ಲ, ವ್ಯಾಜ್ಯವಿಲ್ಲದವರಿಗೆ ತೀರ್ಪಿಲ್ಲ, ತೀರ್ಪಿಲ್ಲದವರಿಗೆ ದಾಖಲೆಯಿಲ್ಲ.

ವಾದವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಕುಟುಂಬವನ್ನು ನಿಮ್ಮ ಮುಂದೆ ಇಡುತ್ತೇನೆ. ಬ್ರೆಡ್ ಸ್ಟ್ರೀಟ್‌ನಲ್ಲಿ ಗುಂಡಿ, ದಾರ, ಪಟ್ಟಿ ಮಾರುವ ಒಂದು ಅಂಗಡಿ. ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಹಿಂದಿನ ವರ್ಷ, 1665ರ ಪ್ಲೇಗಿನಲ್ಲಿ, ಅವರ ಹಿರಿಯ ಮಗ ತೀರಿಹೋಗಿದ್ದಾನೆ. ಬೆಂಕಿಯಲ್ಲಿ ಅಂಗಡಿ ಹೋಯಿತು. ಗಿರಾಕಿಗಳು ಕೊಡಬೇಕಾದ ಬಾಕಿಯ ಲೆಕ್ಕದ ಪುಸ್ತಕಗಳೂ ಹೋದವು. ಯಜಮಾನ ಬೆಂಕಿ ನ್ಯಾಯಾಲಯದಲ್ಲಿ ಗೆದ್ದ, ಗುತ್ತಿಗೆ ನಲವತ್ತು ವರ್ಷ ಹೆಚ್ಚಿತು. ಈಗ ಕಟ್ಟಲು ಹಣ? ಹೆಂಡತಿ ತವರಿನಿಂದ ತಂದದ್ದನ್ನು ಹಾಕಬೇಕು. ಮಗಳ ಮದುವೆಯನ್ನು ಮೂರು ವರ್ಷ ಮುಂದೂಡಬೇಕು. ಅಂಗಡಿಯೇ ಇಲ್ಲದಿರುವಾಗ ಕಸುಬು ಕಲಿಯಲು ಬಂದ ಹುಡುಗನನ್ನು ಏನು ಮಾಡುವುದು? ಅವನ ತಂದೆ ಮುಂಗಡ ಕೊಟ್ಟಿದ್ದಾನೆ, ಹಿಂತಿರುಗಿಸಲು ಹಣವಿಲ್ಲ. ಆಳು ಹುಡುಗಿಯನ್ನು ಕಳಿಸಿಬಿಡುತ್ತಾರೆ, ಅವಳು ಎಲ್ಲಿಗೆ ಹೋದಳೆಂದು ಯಾರೂ ವಿಚಾರಿಸುವುದಿಲ್ಲ. ನ್ಯಾಯಾಲಯ ಹೊರಗೆ ನ್ಯಾಯವಾಗಿ ಹಂಚಿದ ನಷ್ಟವನ್ನು ಕುಟುಂಬ ಒಳಗೆ ಹೇಗೆ ಹಂಚಿತು? ಇಲ್ಲಿ ದಾಖಲೆ ಮೌನವಾಗುತ್ತದೆ. ಕಾದಂಬರಿಯ ಮಾತು ಶುರುವಾಗಬೇಕಾದದ್ದು ಇಲ್ಲಿ. ಹಾಗೆ ಮಾತಾಡುವಾಗ ಅಂದಿನ ಕಾನೂನಿಗೆ, ಅಂದಿನ ಬೆಲೆಗೆ, ಅಂದಿನ ನಂಬಿಕೆಗೆ ಅದು ಬದ್ಧವಾಗಿರಬೇಕು. ಕಲ್ಪನೆಗೆ ಸ್ವಾತಂತ್ರ್ಯ ಸಿಗುವುದು ಈ ಬದ್ಧತೆಯ ಬೇಲಿಯೊಳಗೆ.

ಮನಸ್ಸಿನ ಮರುಕಟ್ಟಡವನ್ನೂ ಮರೆಯುವಂತಿಲ್ಲ. ಆ ಕಾಲದ ಇನ್ನೊಬ್ಬ ದಿನಚರಿಕಾರ ಸ್ಯಾಮ್ಯುಅಲ್ ಪೀಪ್ಸ್‌ನ ಮನೆ ಸುಡಲಿಲ್ಲ. ಆದರೂ ಆರು ತಿಂಗಳ ನಂತರವೂ ಬೆಂಕಿಯ ಭಯದಿಂದ ತನಗೆ ನಿದ್ದೆ ಬರುತ್ತಿಲ್ಲವೆಂದು ಅವನು ದಿನಚರಿಯಲ್ಲಿ ಬರೆದ. 1667ರ ಮಾರ್ಚ್‌ನಲ್ಲೂ ಕೆಲವು ನೆಲಮಾಳಿಗೆಗಳಿಂದ ಹೊಗೆ ಏಳುತ್ತಿದ್ದುದನ್ನು ದಾಖಲಿಸಿದ. ಸಂತ ಪಾಲನ ದೇವಾಲಯದ ಸುತ್ತಲಿನ ಪುಸ್ತಕ ವ್ಯಾಪಾರಿಗಳು ನೆಲಮಾಳಿಗೆಯ ಚರ್ಚೊಂದರಲ್ಲಿ ಭದ್ರವೆಂದು ಇಟ್ಟ ಪುಸ್ತಕಗಳೆಲ್ಲ ಸುಟ್ಟುಹೋದವು. ಪೀಪ್ಸ್‌ಗೆ ಪುಸ್ತಕ ಮಾರುತ್ತಿದ್ದ ಜೋಶುವಾ ಕರ್ಟನ್ ಎಲ್ಲವನ್ನೂ ಕಳೆದುಕೊಂಡು ಮರುವರ್ಷ ತೀರಿಕೊಂಡ. ಸಾವಿನ ಲೆಕ್ಕ ಬೆರಳೆಣಿಕೆ ಎಂದೆನಲ್ಲ, ಅದು ಜ್ವಾಲೆಗೆ ಸಿಕ್ಕವರ ಲೆಕ್ಕ ಮಾತ್ರ. ನಷ್ಟದ ಭಾರಕ್ಕೆ ಕುಸಿದವರು ಆ ಲೆಕ್ಕದಲ್ಲಿ ಸೇರಿಲ್ಲ.

5. ಕಾದಂಬರಿಗಳು ಎಲ್ಲಿ ನಿಲ್ಲುತ್ತವೆ

ಈ ಕಾಲವನ್ನು ಕುರಿತ ಕಥನದ ಮೊದಲ ಮಹತ್ತ್ವದ ಮಾದರಿ ಡೇನಿಯಲ್ ಡಿಫೋನದು. 1722ರಲ್ಲಿ ಪ್ರಕಟವಾದ ಅವನ ಪ್ಲೇಗು ವರ್ಷದ ದಿನಚರಿ ಬೆಂಕಿಯನ್ನು ಕುರಿತದ್ದಲ್ಲ, ಅದರ ಹಿಂದಿನ ವರ್ಷವನ್ನು ಕುರಿತದ್ದು. ಆ ಪ್ಲೇಗಿನ ಕಾಲಕ್ಕೆ ಡಿಫೋ ಸಣ್ಣ ಮಗು. ಅರ್ಧ ಶತಮಾನದ ನಂತರ ಅವನು ಒಬ್ಬ ಜೀನುಗಾರನನ್ನು ನಿರೂಪಕನನ್ನಾಗಿ ಕಲ್ಪಿಸಿ, ವಾರವಾರದ ಮರಣಪಟ್ಟಿಗಳನ್ನು, ನಗರಾಡಳಿತದ ಆಜ್ಞೆಗಳನ್ನು ಕಥೆಯೊಳಗೇ ತಂದ. ಉಳಿಯಬೇಕೋ ಊರು ಬಿಡಬೇಕೋ, ಅಂಗಡಿಯನ್ನು ಯಾರಿಗೆ ಒಪ್ಪಿಸಬೇಕು ಎಂಬ ಗೃಹಸ್ಥನ ಚಿಂತೆಯನ್ನು ದೊಡ್ಡ ಚರಿತ್ರೆಗೆ ಸಮನಾಗಿ ನಿಲ್ಲಿಸಿದ. ಅಂಕಿ ಅಂಶಗಳನ್ನು ಮನುಷ್ಯನ ಉಸಿರಿಗೆ ಜೋಡಿಸುವ ಆ ವಿಧಾನ ಇಂದಿಗೂ ಹಳತಾಗಿಲ್ಲ.

ಈವ್ಲಿನ್‌ನ ದಿನಚರಿ 1818ರಲ್ಲಿ, ಸಂಕೇತಲಿಪಿಯಲ್ಲಿದ್ದ ಪೀಪ್ಸ್‌ನ ದಿನಚರಿ 1825ರಲ್ಲಿ ಮೊದಲ ಬಾರಿಗೆ ಅಚ್ಚಾದವು. 1841ರಲ್ಲಿ ಹ್ಯಾರಿಸನ್ ಏನ್ಸ್‌ವರ್ತ್ ಒಬ್ಬ ಕಿರಾಣಿ ವ್ಯಾಪಾರಿಯ ಕುಟುಂಬವನ್ನು ನಡುವಿಟ್ಟು ಪ್ಲೇಗು ಮತ್ತು ಬೆಂಕಿಯ ಕಾದಂಬರಿಯನ್ನು ಬರೆದ. ಜನಪ್ರಿಯವಾದ ಆ ಕೃತಿಯಲ್ಲಿ ಬೆಂಕಿ ಕಥೆಯ ಶಿಖರ. ಅದರ ನಂತರದ ದೀರ್ಘ ದುಡಿಮೆಗೆ ಅಲ್ಲಿ ಹೆಚ್ಚು ಜಾಗವಿಲ್ಲ. ನಮ್ಮ ಕಾಲದಲ್ಲಿ ಆಂಡ್ರ್ಯೂ ಟೇಲರ್ ಬೂದಿಯಾದ ಲಂಡನ್ನನ್ನೇ ಕಥಾಭೂಮಿಯಾಗಿ ಮಾಡಿಕೊಂಡು, 2018ರ ಒಂದು ಕಾದಂಬರಿಯಲ್ಲಿ ಬೆಂಕಿ ನ್ಯಾಯಾಲಯವನ್ನೇ ಕೇಂದ್ರಕ್ಕೆ ತಂದಿದ್ದಾರೆ. ಪತ್ತೇದಾರಿ ಕಥೆಯ ಚೌಕಟ್ಟಿನೊಳಗೆ ಗುತ್ತಿಗೆ ವ್ಯಾಜ್ಯಗಳು ಓದುಗರನ್ನು ಹಿಡಿದಿಡಬಲ್ಲವು ಎಂಬುದಕ್ಕೆ ಅದು ಸಾಕ್ಷಿ.

ಕನ್ನಡದ ಐತಿಹಾಸಿಕ ಕಾದಂಬರಿಯ ಸಾಧನೆ ದೊಡ್ಡದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಒಂದು ರಾಜ್ಯ ಕೈಬಿಟ್ಟುಹೋಗುವುದನ್ನು, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಒಂದು ಕೋಟೆ ಬೀಳುವುದನ್ನು ಘನತೆಯಿಂದ ಹೇಳಿವೆ. ಪತನದ ಕಥನದಲ್ಲಿ ನಮ್ಮ ಲೇಖಕರು ಪಳಗಿದ್ದಾರೆ. ಆದರೆ ಅಂಥ ಕಥನಗಳು ಸಾಮಾನ್ಯವಾಗಿ ಮುಗಿಯುವುದು ಅರಸು ಬಿದ್ದಲ್ಲಿ. ಮರುದಿನ ಬೆಳಗ್ಗೆ ಕೋಟೆಯೊಳಗಿನ ನೇಕಾರನ ಮನೆಯಲ್ಲಿ ಏನಾಯಿತು, ಅವನ ಸಾಲ ಈಗ ಯಾರಿಗೆ ಸಲ್ಲಬೇಕು ಎಂಬ ಕಥೆಗೆ ನಾವು ಇನ್ನೂ ಹೆಚ್ಚು ಗಮನ ಕೊಡಬೇಕಾಗಿದೆ. ಭೈರಪ್ಪನವರ ‘ಗೃಹಭಂಗ’ ಪ್ಲೇಗನ್ನು ಒಂದು ಮನೆಯೊಳಗಿಂದ, ಒಬ್ಬ ಹೆಣ್ಣಿನ ಹೆಗಲ ಮೇಲಿನ ಭಾರವಾಗಿ ತೋರಿಸಿದ ಕೃತಿ. ಮನೆಯೊಳಗೆ ನಷ್ಟ ಯಾರ ಪಾಲಿಗೆ ಬರುತ್ತದೆ ಎಂಬುದಕ್ಕೆ ನಂಜಮ್ಮನ ಬದುಕಿಗಿಂತ ಖಚಿತವಾದ ಉತ್ತರ ಕನ್ನಡದಲ್ಲಿ ವಿರಳ. ದಾರಿ ನಮ್ಮಲ್ಲಿ ಇದೆ, ಅದನ್ನು ಚರಿತ್ರೆಯ ಹಿಂದಿನ ಶತಮಾನಗಳಿಗೂ ಎಳೆಯಬೇಕಾಗಿದೆ.

6. ತಪ್ಪಿತಸ್ಥನಿಗಾಗಿ ಹಸಿವು

ನಷ್ಟವನ್ನು ಹಂಚಿಕೊಳ್ಳಲು ಮನಸ್ಸಿಲ್ಲದ ಸಮಾಜ ಅದನ್ನು ಒಬ್ಬನ ತಲೆಗೆ ಕಟ್ಟಲು ಹುಡುಕುತ್ತದೆ. ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ಲಂಡನ್ನಿನ ಬೀದಿಗಳಲ್ಲಿ ಡಚ್ಚರು, ಫ್ರೆಂಚರು, ಕ್ಯಾಥೊಲಿಕರು ಏಟು ತಿಂದರು. ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ತರುಣ, ಗಡಿಯಾರ ಕೆಲಸದವನ ಮಗ, ತಾನೇ ಬೆಂಕಿ ಹಚ್ಚಿದೆನೆಂದು ಒಪ್ಪಿಕೊಂಡ. ಅವನ ಮಾತುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಅವನ ಬುದ್ಧಿ ಸ್ಥಿಮಿತದ ಬಗ್ಗೆ ವಿಚಾರಣೆ ಮಾಡಿದವರಿಗೇ ಸಂಶಯವಿತ್ತು. ಆದರೂ 1666ರ ಅಕ್ಟೋಬರ್‌ನಲ್ಲಿ ಅವನನ್ನು ಟೈಬರ್ನ್‌ನಲ್ಲಿ ಗಲ್ಲಿಗೇರಿಸಲಾಯಿತು. ಬೆಂಕಿ ಹೊತ್ತಿದ ಮೇಲಷ್ಟೇ ಅವನು ಲಂಡನ್ನಿಗೆ ಬಂದಿಳಿದದ್ದು ಎಂಬುದು ನಂತರ ತಿಳಿಯಿತು. ಬೆಂಕಿಯ ನೆನಪಿಗೆ 1677ರಲ್ಲಿ ಮುಗಿದ 202 ಅಡಿ ಎತ್ತರದ ಸ್ತಂಭದ ಮೇಲೆ, ಕ್ಯಾಥೊಲಿಕರನ್ನು ದೂರುವ ಸಾಲುಗಳನ್ನು 1681ರಲ್ಲಿ ಕೊರೆಸಲಾಯಿತು. ಅವು ಕೊನೆಗೆ ಅಳಿಸಿಹೋದದ್ದು 1830ರಲ್ಲಿ.

ಐತಿಹಾಸಿಕ ಕಾದಂಬರಿಗೆ ಇದರಲ್ಲಿ ಒಂದು ಎಚ್ಚರಿಕೆ ಇದೆ. ಖಳನಾಯಕನೊಬ್ಬನಿದ್ದರೆ ಕಥೆಗೆ ವೇಗ ಬರುತ್ತದೆ, ಓದುಗರ ಸಿಟ್ಟಿಗೆ ಗುರಿ ಸಿಗುತ್ತದೆ. ಆದರೆ ಲಂಡನ್ನಿನ ಬೆಂಕಿಗೆ ಕಾರಣ ಒಣ ಬೇಸಿಗೆ, ಬಲವಾದ ಗಾಳಿ, ಒತ್ತೊತ್ತಾದ ಮರದ ಮನೆಗಳು ಮತ್ತು ಒಂದು ಒಲೆಯ ಅಜಾಗ್ರತೆ. ಕಾರಣಗಳ ಈ ಹೆಣಿಗೆಯನ್ನು ಒಬ್ಬನ ಕೇಡಿಗೆ ಇಳಿಸಿದ ಲೇಖಕ ಚರಿತ್ರೆಗೆ ದ್ರೋಹ ಬಗೆಯುತ್ತಾನೆ. ಮುಂದಿನ ಗಲಭೆಗೂ ಅವನು ಅರಿವಿಲ್ಲದೆ ಕಟ್ಟಿಗೆ ಒದಗಿಸುತ್ತಾನೆ. ನಮ್ಮ ಕಾಲದಲ್ಲಿ ಚರಿತ್ರೆಯನ್ನು ಕಥೆಯಾಗಿಸುವ ಪ್ರತಿಯೊಬ್ಬರೂ ಹ್ಯೂಬರ್ಟ್‌ನ ಸಾವನ್ನು ನೆನಪಿನಲ್ಲಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

7. ಕಟ್ಟಿದ್ದು ಯಾವಾಗ ಮುಗಿಯಿತು

1670ರ ದಶಕದ ಆರಂಭಕ್ಕೆ ಸುಟ್ಟ ಪ್ರದೇಶದ ಬಹುಪಾಲು ಮನೆಗಳು ಎದ್ದಿದ್ದವು. ಹತ್ತು ವರ್ಷದೊಳಗೆ ಒಂದು ನಗರ ಇಟ್ಟಿಗೆಯಲ್ಲಿ ಮರುಹುಟ್ಟು ಪಡೆದದ್ದು ಅಸಾಧಾರಣ ಸಾಧನೆ. ಆದರೆ ಹೊಸ ಮನೆಗಳಲ್ಲಿ ಸಾವಿರಾರು ಖಾಲಿ ಬಿದ್ದಿದ್ದವು. ಬೆಂಕಿಯ ನಂತರ ಊರ ಗೋಡೆಯಾಚೆ, ವೆಸ್ಟ್‌ಮಿನ್‌ಸ್ಟರ್ ಕಡೆ, ಅಂಗಡಿ ತೆರೆದವರು ಅಲ್ಲೇ ನೆಲೆ ನಿಂತರು. ಹೊಸ ಮನೆಗಳ ಬಾಡಿಗೆ ಹಲವರಿಗೆ ಎಟುಕಲಿಲ್ಲ. ಮನೆ ಎದ್ದಿತು, ಆದರೆ ಮನೆಯವರೆಲ್ಲ ಮರಳಲಿಲ್ಲ. ಮರಳಿದವರ ಕಥೆಯಷ್ಟೇ ಮರಳದವರ ಕಥೆಯೂ ಪುನರ್ನಿರ್ಮಾಣದ ಕಥೆಯೇ.

ನಷ್ಟದ ಪಯಣವೂ ಅಷ್ಟು ಬೇಗ ಮುಗಿಯಲಿಲ್ಲ. ಲಂಡನ್ನಿನ ಪದ್ಧತಿಯಂತೆ, ಮೃತ ನಾಗರಿಕನ ಆಸ್ತಿಯಲ್ಲಿ ಅನಾಥ ಮಕ್ಕಳ ಪಾಲನ್ನು ನಗರಾಡಳಿತವೇ ಕಾಯುತ್ತಿತ್ತು. ಆ ಹಣವನ್ನು ನಗರದ ಖಜಾನೆ ತನ್ನ ಖರ್ಚಿಗೆ ಸಾಲವಾಗಿ ಬಳಸಿಕೊಳ್ಳುತ್ತಿತ್ತು. ಮೊದಲೇ ಇದ್ದ ಸಾಲಕ್ಕೆ ಪುನರ್ನಿರ್ಮಾಣದ ಖರ್ಚು ಸೇರಿ ಭಾರ ಬೆಳೆಯಿತು. 1680ರ ದಶಕದಲ್ಲಿ ನಗರ ಆ ಮಕ್ಕಳಿಗೆ ಹಣ ಕೊಡಲಾಗದೆ ಕೈಚೆಲ್ಲಿತು. 1694ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆ ಮಾಡಿ ಕಲ್ಲಿದ್ದಲು ತೆರಿಗೆಯ ನೆರವಿನಿಂದ ಪರಿಹಾರದ ದಾರಿ ತೋರಿಸಬೇಕಾಯಿತು. ದೊಡ್ಡವರು ಹಂಚಿಕೊಳ್ಳದೆ ಮುಂದೂಡಿದ ನಷ್ಟ, ದನಿಯಿಲ್ಲದವರ ಪಾಲಿಗೆ ಬಂದು ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣ ಸಾಕ್ಷ್ಯ ಬೇಕಿಲ್ಲ. ಇದೇ ಅನುಭವದ ಇನ್ನೊಂದು ಫಲ ಬೆಂಕಿ ವಿಮೆ. 1680ರ ಹೊತ್ತಿಗೆ ನಿಕೊಲಸ್ ಬಾರ್ಬನ್ ಮತ್ತು ಅವನ ಜೊತೆಗಾರರು ಅದನ್ನು ವ್ಯಾಪಾರವಾಗಿ ಶುರುಮಾಡಿದರು. ಮರದ ಮನೆಗೆ ಇಟ್ಟಿಗೆ ಮನೆಯ ಎರಡರಷ್ಟು ದರ. ಮುಂದೆ ಬರಬಹುದಾದ ನಷ್ಟವನ್ನು ಮೊದಲೇ ಹಲವರಲ್ಲಿ ಹಂಚಿಡುವ ವಿವೇಕ ಅದು, ಹಣವಿದ್ದವರಿಗೆ ಮಾತ್ರ ದಕ್ಕಿದ ವಿವೇಕ.

ಆದ್ದರಿಂದ, ಇಂಥ ವಿಷಯವನ್ನು ಎತ್ತಿಕೊಳ್ಳುವ ಕಾದಂಬರಿಯಿಂದ ನಾವು ಮೂರು ಸಂಗತಿಗಳನ್ನು ನಿರೀಕ್ಷಿಸಬಹುದೆಂದು ನನ್ನ ನಂಬಿಕೆ. ಮೊದಲನೆಯದು, ಜ್ವಾಲೆಯ ದಿನಗಳಿಗಿಂತ ದುಡಿಮೆಯ ವರ್ಷಗಳಿಗೆ ಹೆಚ್ಚು ಪುಟಗಳನ್ನು ಕೊಡುವ ತಾಳ್ಮೆ. ಎರಡನೆಯದು, ಬಾಡಿಗೆ, ಸಾಲ, ಅಳತೆ, ತೀರ್ಪುಗಳನ್ನು ಕಥೆಯ ಹಿನ್ನೆಲೆಯಾಗಿ ಬಿಡದೆ ಕಥೆಯ ಚಾಲಕ ಶಕ್ತಿಯಾಗಿ ಕಾಣುವ ಕಣ್ಣು. ಮೂರನೆಯದು, ಕುಟುಂಬವೆಂಬ ಹೆಸರಿನಡಿಯಲ್ಲಿ ಹೆಚ್ಚು ಹೊತ್ತವರು ಯಾರು, ಕಡಿಮೆ ಪಡೆದವರು ಯಾರು ಎಂದು ಮನೆಯೊಳಗೂ ಕೇಳುವ ಧೈರ್ಯ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ವಸ್ತುವಿನ ಕೊರತೆಯಿಲ್ಲ. ಲಿಂಗನಮಕ್ಕಿಯ ನೀರಿಗೆ ಊರು ಬಿಟ್ಟ ಶರಾವತಿ ಕಣಿವೆಯ ಕುಟುಂಬಗಳಿವೆ, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಸರಿದ ಬಾಗಲಕೋಟೆಯ ಮನೆತನಗಳಿವೆ. ಅಲ್ಲಿ ಬೆಂಕಿಯ ಬದಲು ನೀರು, ಆದರೆ ಪ್ರಶ್ನೆ ಅದೇ. ಪರಿಹಾರದ ಕಡತಗಳು, ಸರ್ವೆಯ ನಕ್ಷೆಗಳು, ಹಿರಿಯರ ನೆನಪುಗಳು ಇನ್ನೂ ಕೈಗೆಟುಕುವ ದೂರದಲ್ಲಿವೆ. ಹಕ್ಕಿನ ಕಾಗದವಿಲ್ಲದೆ ಬಾಡಿಗೆಗೆ, ಕೂಲಿಗೆ, ಗೇಣಿಗೆ ಇದ್ದವರ ಮಾತನ್ನು ಕೇಳಿಸಿಕೊಳ್ಳಲು ಈಗ ಸಮಯವಿದೆ. ಇನ್ನೊಂದು ತಲೆಮಾರು ಕಳೆದರೆ ಕಡತ ಮಾತ್ರ ಉಳಿಯುತ್ತದೆ, ಕಡತಕ್ಕೆ ಸೇರದವರು ಮತ್ತೊಮ್ಮೆ ಕಳೆದುಹೋಗುತ್ತಾರೆ. ನಮ್ಮ ತರುಣ ಲೇಖಕರು ಈ ಮನೆಗಳ ಕಡೆ ನಡೆಯಲಿ, ವಿಶ್ವವಿದ್ಯಾಲಯಗಳು ಆ ಕಡತಗಳನ್ನು ತೆರೆದಿಡಲಿ, ನಷ್ಟವನ್ನು ಹೊತ್ತವರ ಹೆಸರುಗಳು ಕನ್ನಡದ ಕಥನದಲ್ಲಿ ದಾಖಲಾಗಲಿ.